ಕೆಂಪು ಕೊಕ್ಕಿನ ವಾರಸುದಾರ

ಆಂಧ್ರದ ಗಡಿಯ ಕುಂದುರ್ಪಿ ಸುತ್ತಮುತ್ತ ಕುರಿ ತಪ್ಪಿಸಿಕೊಂಡರೆ ಯಾರೂ ಪೊಲೀಸ್ ಸ್ಟೇಷನ್ನಿಗೆ ಹೋಗುವುದಿಲ್ಲ, ದೇವರಿಗೆ ಹರಕೆ ಕಟ್ಟುವುದೂ ಇಲ್ಲ. ನೇರವಾಗಿ ಚೌಡಣ್ಣನ ಜಗಲಿಗೆ ಬಂದು ಕೂರುತ್ತಾರೆ. ದೇವರಿಗಾದರೂ ಪ್ರಸಾದದ ಹೂ ಬೀಳಿಸುವುದಕ್ಕೆ ಒಂದು ಗಳಿಗೆ ಬೇಕು. ಚೌಡಣ್ಣನಿಗೆ ಅಷ್ಟೂ ಬೇಡ. ತಪ್ಪಿ ಬಂದ ಕುರಿಯ ಬೆನ್ನ ಮೇಲಿನ ಬಣ್ಣದ ಬರೆ ನೋಡಿ, "ಇದು ಚಿಲಮತ್ತೂರು ಕಡೇದು, ಮೂರನೇ ಮನೆ, ಯಜಮಾನನಿಗೆ ಮಂಡಿ ನೋವು" ಎಂದು ಹೇಳಿಬಿಡುತ್ತಿದ್ದ. ಒಮ್ಮೆ ಕಲ್ಯಾಣದುರ್ಗದ ಸಂತೆಯಲ್ಲಿ ಧೂಳು ಎಷ್ಟು ಎದ್ದಿತ್ತೆಂದರೆ ಸೂರ್ಯನೇ ದಾರಿ ತಪ್ಪಿ ಪೂರ್ವಕ್ಕೆ ಮುಳುಗಲು ಹೊರಟಿದ್ದ. ಆ ಧೂಳಿನೊಳಗೆ ಬರೀ ಕೆಮ್ಮು ಕೇಳಿಯೇ ಯಾವ ಕುರಿ ಯಾರದೆಂದು ವಿಂಗಡಿಸಿ ಕೊಟ್ಟವನು ಚೌಡಣ್ಣ. ಇದನ್ನು ಕಂಡವರು ಈಗಲೂ ಇದ್ದಾರೆ. ಕಾಣದವರೂ ಕಂಡೆವೆಂದೇ ಹೇಳುತ್ತಾರೆ.

ಬಂಗಾಳ ಕೊಲ್ಲಿಯಲ್ಲಿ ತುಫಾನೆದ್ದು ಇಲ್ಲಿ ಜಿಟಿಜಿಟಿ ಮಳೆ ಹಿಡಿದು ಬಿಟ್ಟ ಮರುದಿನ ಊರ ಕೆರೆಗೆ ಆ ಹಕ್ಕಿ ಬಂತು. ಕೋಳಿಯಷ್ಟು ಗಾತ್ರ. ತಲೆ, ಕತ್ತು, ಬೆನ್ನು ಕಪ್ಪು, ಹೊಟ್ಟೆ ಬಿಳುಪು. ಕಲ್ಯಾಣದುರ್ಗದ ಕೋರ್ಟಿನಿಂದ ಕೋಟು ಬಿಚ್ಚದೆ ಓಡಿಬಂದ ವಕೀಲನಂತೆ ಕಾಣುತ್ತಿತ್ತು. ಅಷ್ಟೇ ಆಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಕೊಕ್ಕು ಮಾತ್ರ ಗೇಣುದ್ದ, ಕೆಂಪು ಕ್ಯಾರೆಟ್ಟಿನ ಹಾಗೆ ನೆಟ್ಟಗೆ. ಕಣ್ಣು ಕೆಂಪು, ಕಣ್ಣ ಸುತ್ತ ಕೆಂಪು ಬಳೆ. ಕಾಲು ಎಲೆಯಡಿಕೆ ಉಗಿದಂಥ ನಸುಗೆಂಪು. ಅದು 'ಕ್ಲೀಪ್' ಎಂದು ಒಂದು ಸಲ ಕೂಗಿದರೆ ಗಡಿಯಾಚೆ ಕರ್ನಾಟಕದಲ್ಲಿ ಮಲಗಿದ ಕೂಸುಗಳು ಎದ್ದು ಕೂರುತ್ತಿದ್ದವು.

ಕೆರೆಯಲ್ಲಿ ಮೀನು ಬಿಟ್ಟಿದ್ದ ಗುತ್ತಿಗೆದಾರ ಓಬುಳಪತಿ ಬಲೆ ಹೊತ್ತುಕೊಂಡೇ ಬಂದ.

"ಈ ಮೂತಿ ನೋಡ್ರಪ್ಪ, ಸೂಜಿ ಇದ್ದಂಗೈತೆ! ನನ್ನ ಮೀನ್ಮರಿ ಒಂದೂ ಉಳಿಸಾಕಿಲ್ಲ ಇದು. ಸಂಜೆಗೆ ಸಾರು ಮಾಡ್ತೀನಿ."

ಚೌಡಣ್ಣ ದಂಡೆಯ ಮೇಲೆ ಕುಕ್ಕರುಗಾಲಲ್ಲಿ ಕೂತು ಹಕ್ಕಿಯನ್ನೇ ನೋಡುತ್ತಿದ್ದವನು ಕೈ ಎತ್ತಿದ.

"ಬಲೆ ಕೆಳಗಿಕ್ಕು. ಇದು ಗುರುತಿನ ಜೀವ ಕಣ್ಲಾ."

"ಏನಂದೆ?"

"ಕಣ್ಣಿಲ್ವ ನಿಂಗೆ? ಮೂತಿಗೆ ಬಣ್ಣ, ಕಾಲಿಗೆ ಬಣ್ಣ, ಕಣ್ಣಿನ ಸುತ್ತ ಬಣ್ಣ. ಮೂರು ಕಡೆ ಗುರುತು ಹಾಕವ್ನೆ ಅಂದ್ರೆ ಮೂರು ಸಲ ಕಳ್ಳತನ ಆದ ಮನೆ ಅದು. ಯಾರೋ ಸಾಕಿದ ಹಕ್ಕಿ, ತಪ್ಪುಸ್ಕಂಡು ಬಂದೈತೆ."

ದಂಡೆಯ ಮೇಲಿದ್ದವರೆಲ್ಲ ಕಣ್ಣು ಕಿರಿದು ಮಾಡಿ ನೋಡಿದರು. ನೋಡಿದಷ್ಟೂ ಹೌದೆನಿಸಿತು. ದೇವರು ಒಂದೇ ಹಕ್ಕಿಗೆ ಇಷ್ಟು ಬಣ್ಣ ಖರ್ಚು ಮಾಡುವವನಲ್ಲ.

ಕುರಿ ಸಾಕುವವರಲ್ಲಿ ಈ ವಿಷಯಕ್ಕೆ ಕಟ್ಟುನಿಟ್ಟಾದ ಪದ್ಧತಿಯಿದೆ. ಗುರುತು ಹಾಕಿದ ಜೀವ ತಪ್ಪಿ ಬಂದರೆ ವಾರಸುದಾರ ಸಿಗುವವರೆಗೆ ಊರೇ ಅದಕ್ಕೆ ಕಾವಲು, ಕೂದಲು ಕೊಂಕಿಸುವಂತಿಲ್ಲ. ಸುತ್ತಿನ ಸಂತೆಗಳಲ್ಲಿ ವಿಚಾರಿಸಿದರೂ ಯಾರೂ ನಮ್ಮದೆನ್ನದಿದ್ದರೆ, ಅದು ಯಾರ ಮೇವು ತಿಂದಿದೆಯೋ ಅವರ ಪಾಲು. ಕೆರೆಯ ಮೇವು ಓಬುಳಪತಿಯದು.

"ಸರಿ ಬಿಡು, ಸಂತೆ ಸುತ್ತಿ ಬಾ," ಎಂದ ಓಬುಳಪತಿ. "ವಾರಸುದಾರ ಸಿಕ್ಕಿಲ್ಲ ಅಂದ್ರೆ ಮಾತ್ರ ಮಸಾಲೆ ಅರೆಯೋದು ನಿನ್ನ ಹೆಂಡ್ತೀನೇ."

ಚೌಡಣ್ಣನ ಹೆಂಡತಿ ಬೀರಕ್ಕ ಅಲ್ಲೇ ಇದ್ದಳು. "ಹಕ್ಕಿಗಾದ್ರೆ ಯಾಕೆ, ನಿಂಗೇ ಅರೀತೀನಿ ಬಾರಪ್ಪ," ಎಂದಳು.

ಹೊರಡುವ ಮುನ್ನ ಚೌಡಣ್ಣ ಹಕ್ಕಿಯನ್ನು ಹತ್ತಿರದಿಂದ ನೋಡೋಣವೆಂದು ಜಾಲಿಯ ಮರೆಯಲ್ಲಿ ಕೂತ. ಅದು ತಲೆ ತಗ್ಗಿಸಿ, ಏನೋ ಬೀಳಿಸಿಕೊಂಡವರ ಹಾಗೆ ಕೆಸರಿನ ಅಂಚಿನಲ್ಲಿ ನಡೆಯುತ್ತಿತ್ತು. ಕೊಕ್ಕನ್ನು ಬುಡದವರೆಗೆ ಮಣ್ಣಿಗೆ ಇಳಿಸಿ ಒಂದು ಕಪ್ಪೆಚಿಪ್ಪನ್ನು ಎಳೆದು ಹಾಕಿತು. ಚಿಪ್ಪು ಬಾಯಿ ಮುಚ್ಚುವಷ್ಟರಲ್ಲಿ ಸಂದಿಗೆ ಕೊಕ್ಕು ತೂರಿಸಿ, ಬೀಗ ತೆಗೆಯುವವನ ಹಾಗೆ ಒಮ್ಮೆ ತಿರುವಿತು. ಚಿಪ್ಪು ಬಾಯಿ ಬಿಟ್ಟಿತು. ಒಳಗಿನ ಮಾಂಸ ಗುಳುಂ. ಚಿಪ್ಪಿಗೆ ಒಂದು ಗೀರೂ ಇಲ್ಲ. ಮುಂದಿನದು ಹಠಮಾರಿ; ಅದನ್ನು ಕಲ್ಲಿನ ಸಂದಿಗಿಟ್ಟು ಟಕಟಕ ಕುಟ್ಟಿತು. ಕುಟ್ಟಿದ ಸದ್ದಿಗೆ ಕೆರೆಯ ಏರಿ ನಡುಗಿ ತೂಬಿನಲ್ಲಿ ನೀರು ತೊಟ್ಟಿಕ್ಕಿತೆಂದರೆ ಆ ಕೊಕ್ಕಿನ ಗಟ್ಟಿತನ ಲೆಕ್ಕ ಹಾಕಿಕೊಳ್ಳಿ. ಮೀನಿನ ಕಡೆ ಮಾತ್ರ ಅದು ತಿರುಗಿಯೂ ನೋಡಲಿಲ್ಲ.

ಚೌಡಣ್ಣನಿಗೆ ಗೊಂದಲ ಶುರುವಾದದ್ದು ಅಲ್ಲಿಂದ. ಇಷ್ಟು ಕೆಸರಿಗೆ ಹಾಕಿದರೂ, ಇಷ್ಟು ಕುಟ್ಟಿದರೂ ಕೊಕ್ಕಿನ ಬಣ್ಣ ಹೋಗಲಿಲ್ಲ. ಅವನ ಕುರಿಗಳ ಬಣ್ಣ ಮೋಡ ಕಂಡರೆ ಸಾಕು ಇಳಿಯುತ್ತಿತ್ತು. ಬಿದ್ದ ಚಿಪ್ಪನ್ನು ಎತ್ತಿ ಬೆರಳಲ್ಲಿ ಉಜ್ಜಿ ನೋಡಿದ. ಕೆಂಪಿನ ಸುಳಿವೇ ಇಲ್ಲ. "ಯಾವ ಅಂಗಡೀದಪ್ಪ ಈ ಬಣ್ಣ!" ಎಂದು ಹೊಟ್ಟೆಕಿಚ್ಚಿನಿಂದ ಫೋನಿನಲ್ಲಿ ಒಂದು ಫೋಟೋ ತೆಗೆದುಕೊಂಡ.

ಕಲ್ಯಾಣದುರ್ಗದ ಕುರಿ ಸಂತೆಯಲ್ಲಿ ಫೋಟೋ ಕೈಯಿಂದ ಕೈಗೆ ಹೋಯಿತು. ಇಂಥವನ ಗುರುತು ಇಂಥದೆಂದು ಇಡೀ ಸಂತೆಗೆ ಹೇಳುತ್ತಿದ್ದ ಚೌಡಣ್ಣ ಇವತ್ತು ಕೇಳಲು ಬಂದಿದ್ದಾನೆಂಬ ಸುದ್ದಿ ಕುರಿಗಳಿಗೂ ಮುಟ್ಟಿ ಅವು ಮೇಯುವುದು ನಿಲ್ಲಿಸಿದವು.

"ಏಮಣ್ಣಾ, ಪಕ್ಷಿಕಿ ಎವರು ರಂಗೇಸ್ತಾರು?" ಎಂದು ಹಳೆಯ ವ್ಯಾಪಾರಿ ಮುನೆಪ್ಪ ನಕ್ಕ, ಹಕ್ಕಿಗೆ ಯಾರು ಬಣ್ಣ ಹಾಕುತ್ತಾರೆ ಅಂತ. ಆಮೇಲೆ ಅವನಿಗೇ ನೆನಪಾಯಿತು. "ಇದ್ದಾಳೆ ಇದ್ದಾಳೆ. ಹಿಂದೂಪುರದಾಗೆ ಒಬ್ಬಾಕೆ ಕೋಳಿಮರಿಗೆ ಬಣ್ಣ ಹಾಕಿ ಮಾರ್ತಾಳೆ ಕಣಪ್ಪ. ಹಸಿರು, ಗುಲಾಬಿ, ಎಲ್ಲಾ. ಅವಳ ಹತ್ರದ್ದೇ ಇರ್ಬೇಕು."

ಚೌಡಣ್ಣನ ಎದೆ ಹಗುರಾಯಿತು. ಮಡಕಶಿರಾ ಮೇಲೆ ಹಿಂದೂಪುರಕ್ಕೆ ಹೋಗುವ ಬಸ್ಸು ಹಿಡಿದ. ಆ ಬಸ್ಸಿನಲ್ಲಿ ಜನ ಎಷ್ಟಿದ್ದರೆಂದರೆ, ಅವನು ಹತ್ತುವಾಗ ಹಾಕಿಕೊಂಡಿದ್ದ ಚಪ್ಪಲಿ ಇಳಿಯುವಾಗ ಬೇರೆಯವರ ಕಾಲಿನಲ್ಲಿತ್ತು.

ಮಾರ್ಕೆಟ್ಟಿನ ಬಾಗಿಲಲ್ಲಿ ಬುಟ್ಟಿ ತುಂಬ ಬಣ್ಣದ ಕೋಳಿಮರಿ, ಪಕ್ಕದಲ್ಲಿ ಮೊಟ್ಟೆ ಇಟ್ಟುಕೊಂಡು ಕೃಷ್ಣವೇಣಿ ಕೂತಿದ್ದಳು. ಫೋಟೋ ನೋಡಿ ಅವಳಿಗೆ ಸಿಟ್ಟೇ ಬಂತು.

"ನಾನು ಮರೀನ ಪೂರ್ತಿ ಅದ್ದಿ ತೆಗೀತೀನಿ ಕಣಣ್ಣ. ಮೂತಿ ಮಾತ್ರ ಹಿಡ್ಕಂಡು ಬಣ್ಣ ಬಳಿಯಾಕೆ ನಂಗೇನು ಬೇರೆ ಕಸುಬಿಲ್ವ? ಅದೂ ಅಲ್ದೆ ನನ್ನ ಬಣ್ಣ ವಾರಕ್ಕೆ ಬಿಟ್ಟೋಯ್ತದೆ. ಈ ಬಣ್ಣ ಹಾಕ್ದೋನು ಯಾರು ಅಂತ ಗೊತ್ತಾದ್ರೆ ನಂಗೂ ಹೇಳು, ನಾನೂ ಬತ್ತೀನಿ."

ಮೊಟ್ಟೆ ಕೊಳ್ಳಲು ನಿಂತಿದ್ದ ಹುಡುಗಿಯೊಬ್ಬಳು ಫೋನಿನೊಳಗೆ ಇಣುಕಿದಳು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುವ ಶಿರೀಷಾ. ಇಣುಕಿದವಳು ಕುಣಿದೇಬಿಟ್ಟಳು, ಮೊಟ್ಟೆಯ ಚೀಲ ಕೃಷ್ಣವೇಣಿಯ ಕೈಗೆ ವಾಪಸು ಬಂತು.

"ಅಯ್ಯೋ, ಇದು ಆಯ್ಸ್ಟರ್‌ಕ್ಯಾಚರ್ ಅಂಕಲ್! ಸಮುದ್ರದ ಹಕ್ಕಿ. ಚಳಿಗಾಲದಾಗೆ ಮಾತ್ರ ನಮ್ಮ ಸಮುದ್ರದ ದಡಕ್ಕೆ ಬರೋದು. ತುಫಾನಿಗೆ ದಾರಿ ತಪ್ಪಿರಬೇಕು. ಎಲ್ಲೈತೆ, ಎಲ್ಲೈತೆ?"

"ನಮ್ಮ ಕೆರೆಯಾಗೆ. ಅದಿರ್ಲಿ, ಯಾರ್ದು ಅದು?"

"ಯಾರ್ದೂ ಅಲ್ಲ. ನೋಡಿ ಇಲ್ಲಿ." ಅವಳು ತನ್ನ ಫೋನಿನಲ್ಲಿ ಒಂದು ಚಿತ್ರ ತೆಗೆದಳು. ಅಲೆ ಬಡಿಯುವ ಮರಳು, ಮರಳಿನ ತುಂಬ ಅವೇ ಹಕ್ಕಿಗಳು. ಎಲ್ಲಕ್ಕೂ ಅದೇ ಕೆಂಪು ಕೊಕ್ಕು, ಅದೇ ಕೆಂಪು ಕಣ್ಣು, ಅದೇ ಕಾಲು.

ಚೌಡಣ್ಣ ಫೋನನ್ನು ಕಣ್ಣಿನ ಹತ್ತಿರಕ್ಕೆ ಎಳೆದುಕೊಂಡ. ಹುಟ್ಟಿದಾಗಿನಿಂದ ಇಷ್ಟು ದೊಡ್ಡ ಮಂದೆ, ಇಷ್ಟು ಅಚ್ಚುಕಟ್ಟಾದ ಗುರುತು ನೋಡಿರಲಿಲ್ಲ.

"ಎಲ್ಲಾ ಒಂದೇ ಗುರುತು," ಎಂದ. "ಅಂದ್ರೆ ಒಬ್ಬಂದೇ ಮಂದೆ. ಯಾರವ್ವ ಆ ಸಾವ್ಕಾರ?"

"ಬಣ್ಣ ಯಾರೂ ಹಾಕಿಲ್ಲ ಅಂಕಲ್, ತಾನಾಗೇ ಬರೋದು. ಮರಿ ಇದ್ದಾಗ ಕೊಕ್ಕಿನ ತುದಿ ಕಪ್ಪಗಿರ್ತದೆ, ಬೆಳೀತಾ ಬೆಳೀತಾ ಕೆಂಪಾಗ್ತದೆ. ಚಿಪ್ಪು, ಸಿಂಪಿ, ಮಣ್ಣುಹುಳ ತಿಂದ್ಕಂಡು ಇರ್ತವೆ. ಕೆಲವು ಚಿಪ್ಪನ್ನ ಕುಟ್ಟಿ ಒಡೀತವೆ, ಕೆಲವು ಸಂದೀಗೆ ತೂರ್ಸಿ ಬಿಡಿಸ್ತವೆ. ಅಪ್ಪ ಅಮ್ಮನ್ನ ನೋಡಿ ಕಲ್ತಂಗೆ."

"ಇದು ಎರಡೂ ಮಾಡ್ತದೆ."

"ಹೌದಾ?" ಈಗ ಗೊಂದಲಕ್ಕೆ ಬಿದ್ದವಳು ಅವಳು. "ನಮ್ಮ ಬುಕ್ಕಿನಾಗೆ ಹಂಗಿಲ್ವಲ್ಲ. ಇರ್ಬೋದೇನೋ. ಹೆಸರು ಮಾತ್ರ ಸಿಂಪಿ ಹಿಡಿಯೋದು ಅಂತ."

"ಸಿಂಪಿ ಓಡ್ತದೇನವ್ವ ಹಿಡಿಯಾಕೆ?"

ಬುಟ್ಟಿಯ ಹಸಿರು ಮರಿಯೊಂದು ಮೂವರನ್ನೂ ಸರದಿಯಂತೆ ನೋಡಿತು.

ವಾಪಸು ಬಸ್ಸಿನಲ್ಲಿ ಚೌಡಣ್ಣನ ತಲೆ ಎಷ್ಟು ಬಿಸಿಯಾಗಿತ್ತೆಂದರೆ ಪಕ್ಕದವರು ಕಿಟಕಿ ತೆಗೆಸಿದರು. ಗುರುತೆಂದರೆ ಒಬ್ಬ ಮನುಷ್ಯ ಹಾಕಬೇಕು. ಹಾಕದೆಯೇ ಹುಟ್ಟಿ ಬರುವ ಗುರುತು ಯಾವ ಸೀಮೆಯ ಗುರುತು? ಹಾಗಾದರೆ ಇಷ್ಟು ವರ್ಷ ತಾನು ಓದಿದ ಬರೆಗಳಲ್ಲಿ ಯಾವುದು ಯಜಮಾನನ ಬಣ್ಣ, ಯಾವುದು ಕುರಿಯದೇ ಬಣ್ಣ? ಮಡಕಶಿರಾದಲ್ಲಿ ಬಸ್ಸು ಹತ್ತಿದ ಹೆಂಗಸಿನ ಹಣೆಯ ಕುಂಕುಮ ನೋಡಿ ಅದೂ ಹುಟ್ಟಿನಿಂದಲೇ ಬಂದದ್ದೋ ಏನೋ ಎನಿಸಿ ಕಣ್ಣು ಮುಚ್ಚಿಕೊಂಡ.

ಗೊಂದಲ ಹಾಗಿರಲಿ, ಕಷ್ಟ ಇನ್ನೊಂದಿತ್ತು. "ವಾರಸುದಾರ ಇಲ್ಲ" ಎಂಬ ನಿಜ ಹೇಳಿದರೆ ಹಕ್ಕಿ ಸಾರಿಗೆ ಹೋಗುತ್ತದೆ. ಯಾರದೋ ಹೆಸರು ಹೇಳಿದರೆ ಓಬುಳಪತಿ ಆ ಊರಿಗೆ ಬೈಕು ಓಡಿಸಿಕೊಂಡು ಹೋಗಿ ಕೇಳಿಕೊಂಡು ಬರುವ ಪೈಕಿ. ಉಳಿದದ್ದು ಒಂದೇ ದಾರಿ. ಆದರೆ ಗುರುತು ಹೇಳುವವನು ಜನ್ಮದಲ್ಲಿ ಮಾಡಬಾರದ ಕೆಲಸವೇ ಅದು: ತಪ್ಪಿ ಬಂದ ಜೀವವನ್ನು ತನ್ನದು ಅನ್ನುವುದು. ಅಂದವನು, ಅದೇ ಗುರುತಿನ ಇನ್ನೊಂದು ಜೀವವನ್ನು ತನ್ನ ಮಂದೆಯಲ್ಲಿ ಜನರೆದುರು ತೋರಿಸಬೇಕು. ತೋರಿಸದಿದ್ದರೆ ಕಳ್ಳ. ಆಮೇಲೆ ಅವನ ಜಗಲಿಗೆ ಯಾರೂ ಬರುವುದಿಲ್ಲ.

ಮನೆಗೆ ಬಂದವನೇ ಬಣ್ಣದ ಡಬ್ಬಿ ಎಳೆದ.

"ಬೀರೀ, ಕುರಿ ಹಿಡ್ಕೊ."

"ಯಾಕೆ?"

"ಮೂತಿಗೆ ಬಣ್ಣ ಹಾಕ್ಬೇಕು. ಕಣ್ಣಿನ ಸುತ್ತಾನೂ. ಕಾಲಿಗೂ."

ಬೀರಕ್ಕ ಗಂಡನ ಹಣೆ ಮುಟ್ಟಿ ನೋಡಿದಳು. "ಹಿಂದೂಪುರದಾಗೆ ಏನ್ ತಿಂದೆ?"

"ಏನೂ ತಿಂದಿಲ್ಲ. ಅದಕ್ಕೆ ಯಾರೂ ಇಲ್ಲ ಕಣೇ. ಅಷ್ಟೊಂದ್ ಅವೆ, ಯಾರೂ ಇಲ್ಲ. ಅದೂ ಒಂಟಿಯಾಗಿ ನಮ್ಮ ಕೆರೆಗೆ ಬಂದೈತೆ. ಹಿಡ್ಕೊ ಅಂದ್ರೆ."

ಅವಳಿಗೆ ಅರ್ಥವಾದದ್ದು ಕಾಲು ಪಾಲು. ಆದರೂ ಸೆರಗು ಸಿಕ್ಕಿಸಿ ಟಗರಿನ ಕೊಂಬು ಹಿಡಿದಳು. ಸಂಜೆ ಬಿಸಿಲು ಇಳಿಯುವ ಮೊದಲು ಇಡೀ ಮಂದೆ ಕೆಂಪು ಮೂತಿ, ಕೆಂಪು ಕಣ್ಣು, ಕೆಂಪು ಕಾಲಿನದಾಯಿತು. ಕುರಿಗಳು ಒಂದನ್ನೊಂದು ನೋಡಿ ಹೌಹಾರಿದವು. ಟಗರು ಬಾನಿಯ ನೀರಿನಲ್ಲಿ ತನ್ನ ಮುಖ ಕಂಡು, ಯಾವನೋ ಹೊಸಬನೆಂದು ಗುದ್ದಿ ಬಾನಿಯನ್ನೇ ಉರುಳಿಸಿತು.

ಕೆರೆಯ ದಂಡೆಯ ಮೇಲೆ ಊರು ಸೇರಿತ್ತು. ಓಬುಳಪತಿ ಬಲೆ ಬಿಡಿಸಿಕೊಂಡು ಮೊಣಕಾಲು ನೀರಿನಲ್ಲಿ ನಿಂತಿದ್ದ. ಹಕ್ಕಿ ಆಚೆ ಕೆಸರಿನಲ್ಲಿ ತನ್ನ ಪಾಡಿಗೆ ಚಿಪ್ಪು ಬಿಡಿಸುತ್ತಿತ್ತು.

"ಸಿಕ್ಕಿದ್ನಾ ವಾರಸುದಾರ?"

"ಮೊದ್ಲು ಕೇಳು. ಅದು ಮೀನು ತಿನ್ನಾಕಿಲ್ಲ. ಬರೀ ಚಿಪ್ಪಿನ ಮಾಂಸ."

"ಚಿಪ್ಪೂ ಕೆರೆದೇ ಅಲ್ವ? ಕೆರೆಯೊಳಗಿದ್ದಿದ್ದೆಲ್ಲ ನಂದೇ. ವಾರಸುದಾರ ಯಾರು ಅಂತ ಹೇಳು."

ಚೌಡಣ್ಣ ನುಂಗಿದ ಉಗುಳು ಏರಿಯ ಆಚೆಗೂ ಕೇಳಿಸಿತು.

"ನಾನೇ."

ಯಾರೋ "ಅಯ್ಯೋ ರಾಮುಡಾ!" ಎಂದರು. ತಪ್ಪಿ ಬಂದ ಒಂದು ಮರಿಯನ್ನೂ ಒಳಗೆ ಹಾಕಿಕೊಂಡವನಲ್ಲ ಚೌಡಣ್ಣ. ಅವನ ಬಾಯಲ್ಲಿ ಈ ಮಾತೇ?

"ಜೋಡಿ ತೋರ್ಸು," ಎಂದ ಓಬುಳಪತಿ, ಹಲ್ಲು ಕಿರಿದು.

ಏರಿಯ ಹಿಂದಿನಿಂದ ಬೀರಕ್ಕ ಮಂದೆಯನ್ನು ಹತ್ತಿಸಿದಳು. ಕೆಂಪು ಮೂತಿಗಳ ಸಾಲು ಏರಿಯ ಮೇಲೆ ಬಂದು ನಿಂತಾಗ ಓಬುಳಪತಿಯ ಹಲ್ಲು ಒಳಗೆ ಹೋಯಿತು. ಅವನು ಹಕ್ಕಿಯನ್ನು ನೋಡಿದ, ಕುರಿ ನೋಡಿದ, ಮತ್ತೆ ಹಕ್ಕಿ. ಬಣ್ಣ ಇನ್ನೂ ಹಸಿಯಾಗಿದ್ದದ್ದು ಎಲ್ಲರಿಗೂ ಕಾಣುತ್ತಿತ್ತು. ಆದರೆ ಬಣ್ಣ ಒಣಗಿರಬೇಕೆಂದು ಪದ್ಧತಿಯಲ್ಲಿ ಎಲ್ಲೂ ಇಲ್ಲ.

"ಆಯ್ತಪ್ಪ, ನಿಂದೇ," ಎಂದ. "ನಿಂದೇ ಆದ್ಮ್ಯಾಲೆ ನನ್ನ ಕೆರೆಯಾಗೆ ಯಾಕೆ ಮೇಯ್ತದೆ? ಕೂಗು. ಯಜಮಾನ ಕೂಗಿದ್ರೆ ಬರ್ಬೇಕಲ್ಲ."

ಇದನ್ನು ಚೌಡಣ್ಣ ಯೋಚಿಸಿರಲಿಲ್ಲ. ಹಕ್ಕಿಯನ್ನು ಏನೆಂದು ಕೂಗುವುದು? ಗೊತ್ತಿದ್ದದ್ದು ಒಂದೇ ಕೂಗು. ನಾಲಿಗೆ ಅಂಗುಳಿಗೆ ಹಚ್ಚಿ, ಎದೆಯಲ್ಲಿದ್ದ ಗಾಳಿಯನ್ನೆಲ್ಲ ಒಟ್ಟುಮಾಡಿ "ಟ್ರ್ರ್ರ್ರ್ ಹೋಯ್!" ಎಂದ.

ಹಕ್ಕಿ ತಲೆಯೆತ್ತಿತು. ಅದಕ್ಕಿಂತ ಮೊದಲು ತಲೆಯೆತ್ತಿದ್ದು ಕುರಿಗಳು. ಯಜಮಾನ ಕರೆದನೆಂದು ಇಡೀ ಮಂದೆ ಏರಿಯಿಂದ ಧುಮುಕಿ, ಓಬುಳಪತಿಯನ್ನೂ ಅವನ ಬಲೆಯನ್ನೂ ಸುತ್ತಿಕೊಂಡು ನೀರಿಗೆ ನುಗ್ಗಿತು. ಕೆಂಪು ಮೂತಿಗಳ ಆ ದಂಡು ತನ್ನ ಕಡೆ ಬರುವುದನ್ನು ಕಂಡು ಹಕ್ಕಿ 'ಕ್ಲೀಪ್! ಕ್ಲೀಪ್!' ಎಂದು ಮೇಲೆದ್ದಿತು. ರೆಕ್ಕೆಯ ಬಿಳಿ ಪಟ್ಟೆಗಳು ಮಿಂಚಿದವು. ಚೌಡಣ್ಣನ ತಲೆಯ ಮೇಲೆ ಒಂದು ಸುತ್ತು ಹಾಕಿ ಕಲ್ಯಾಣದುರ್ಗದ ಬೆಟ್ಟಗಳ ಮೇಲೆ ಪೂರ್ವಕ್ಕೆ ಹೋಯಿತು. ಕೂಗು ಮಾತ್ರ ಹಿಂದೆಯೇ ಉಳಿದು ಬಹಳ ಹೊತ್ತು ಕೆರೆಯ ಮೇಲೆ ತಿರುಗಾಡಿತು.

"ಮಾತು ಕೇಳ್ತಲ್ಲ ಅದು," ಎಂದಳು ಗುಂಪಿನಲ್ಲಿದ್ದ ನಾರಮ್ಮಜ್ಜಿ. "ಮನೆಗೋಗು ಅಂದ, ಹೋಯ್ತು."

"ಬಾ ಅಂದಿದ್ದು ಕಣಜ್ಜಿ ಅವ್ನು!" ಎಂದ ಬಲೆಯೊಳಗಿಂದ ಓಬುಳಪತಿ.

ಬಾ ಅಂದನೋ ಹೋಗು ಅಂದನೋ ಎಂದು ಊರು ಎರಡು ಪಾಲಾಗಿ ಜಗಳಕ್ಕೆ ನಿಂತಿತು. ಹಕ್ಕಿ ಅವನದೇ ಎಂದು ಒಂದು ಪಾಲು, ಕಳ್ಳ ಎಂದು ಇನ್ನೊಂದು ಪಾಲು. ನೀರಿಗಿಳಿದ ಕುರಿಗಳ ಮೂತಿಯಿಂದ ಬಣ್ಣ ಇಳಿದು ಕೆರೆಯ ಅಂಚು ಕೆಂಪಾಗುತ್ತಿತ್ತು. ಆಕಾಶ ನೋಡುತ್ತ ನಿಂತಿದ್ದ ಚೌಡಣ್ಣನ ಪಕ್ಕಕ್ಕೆ ಬೀರಕ್ಕ ಬಂದು ಮೆಲ್ಲಗೆ ಕೇಳಿದಳು.

"ಈಗ ಹೇಳು. ಅದು ನಮ್ದಾ?"

"ತಡಿಯೇ," ಎಂದ ಚೌಡಣ್ಣ, ಕಣ್ಣು ಕೀಳದೆ. "ಹೋಗೋವಾಗ ಒಂದ್ಸಲ ನನ್ನ ಕಡೆ ತಿರುಗಿ ನೋಡ್ತಲ್ಲ, ನೀನೂ ನೋಡ್ದ್ಯಾ?"