ಗೋಡೆಗೇರಿದ ಜಮಖಾನ

"ಅದು ಇರಾನಿನದು ಅಂತ ಲಂಡನ್ನಿನ ಸಾಹೇಬ್ರು ಬರೆದುಕೊಟ್ಟಾಗಿದೆ. ನೀವ್ಯಾಕಮ್ಮಾ ಸುಮ್ನೆ ತಲೆ ಕೆಡಿಸ್ಕೋತೀರಿ?" ಎಂದರು ವೆಂಕಟರಾಮು, ಕನ್ನಡಕವನ್ನು ಹಣೆಗೇರಿಸುತ್ತ.

ಅಸೀಫಾಳಿಗೆ ಸಂಬಳ ಕೊಡುತ್ತಿದ್ದದ್ದೇ ತಲೆ ಕೆಡಿಸಿಕೊಳ್ಳುವುದಕ್ಕೆ. ದೋಹಾದ ಶ್ರೀಮಂತರೊಬ್ಬರು ಕೂಡಿಟ್ಟ ಹಳೆಯ ವಸ್ತುಗಳಿಗೆಲ್ಲ ಅಲ್ಲಿನ ಮುಶೈರಿಬ್ ಬಡಾವಣೆಯಲ್ಲಿ ಒಂದು ಮ್ಯೂಸಿಯಂ ತೆರೆಯುವುದಿತ್ತು. ಯಾವುದು ಎಲ್ಲಿಯದು, ಯಾರ ಕೈಯದು ಎಂದು ಹುಡುಕಿ ಬರೆಯುವುದು ಅವಳ ಕೆಲಸ. ಮೈಸೂರಿನ ವೆಂಕಟರಾಮು ಅವಳ ಮೇಲಧಿಕಾರಿ. ಒಳ್ಳೆಯವರೇ, ಆದರೆ ಅಚ್ಚಾದ ಕಾಗದ ಕಂಡರೆ ಕೈಮುಗಿಯುವ ಪೈಕಿ.

ಅವರಿಬ್ಬರ ಎದುರಿಗೆ, ಗೋಡೆಯ ಮೇಲೆ, ಆ ನೇಯ್ಗೆ ತೂಗುತ್ತಿತ್ತು. ಕೆಂಪು ನೆಲ, ನಡುವೆ ನಾಲ್ಕು ದಿಕ್ಕಿಗೆ ಚಾಚಿದ ಚೌಕಗಳ ಪಟ್ಟಿ, ಮೂಲೆಮೂಲೆಗೆ ಹಕ್ಕಿ.

"ಸರ, ಇದು ಪಗಡಿ ಹಾಸು. ನಮ್ಮ ನವಲಗುಂದದ ಜಮಖಾನದಾಗ ಇರತೈತಿ. ನಮ್ಮಜ್ಜಿ ಮನ್ಯಾಗೂ ಇತ್ತು."

"ಸಾಹೇಬ್ರು ಇದನ್ನ ಉದ್ಯಾನ ಅಂದಿದ್ದಾರೆ. ನಾಲ್ಕು ಕಾಲುವೆ, ನಡುವೆ ಕೊಳ."

"ಕಾಲುವ್ಯಾಗ ಯಾರರ ಕಾಯಿ ನಡಸೋ ಮನಿ ಹಾಕ್ತಾರೇನ್ರಿ? ಮತ್ತ ಈ ಹಕ್ಕಿ?"

"ಸ್ವರ್ಗದ ಪಕ್ಷಿ."

"ನವಿಲ್ರಿ ಅದು!"

"ಕೂಗಾಡ್ಬೇಡಿ. ನಿಮ್ಮೂರ ಜಮಖಾನ ನೆಲಕ್ಕೆ ಹಾಸೋದು ತಾನೇ? ಇದು ಟ್ಯಾಪೆಸ್ಟ್ರಿ. ಗೋಡೆಗೆ ತೂಗಾಕೋದು."

"ನೆಲದ ಮ್ಯಾಲಿಂದು ಗ್ವಾಡಿಗೆ ಹಾಕಿದ್ರ ಅದರ ಊರು ಬದಲಾಗತೈತೇನ್ರಿ?"

ವೆಂಕಟರಾಮು ನಕ್ಕೇಬಿಟ್ಟರು. ಆಮೇಲೆ ದನಿ ತಗ್ಗಿಸಿದರು. "ನಿಮ್ಮಜ್ಜಿ ಮನೇಲಿತ್ತು ಅಂದ್ರೆ ಸಾಕಾಗಲ್ಲಮ್ಮ. ನೇಯ್ದು ಗೊತ್ತಿರೋರು ಒಬ್ರು ಬಂದು, ಇದರ ಮುಂದೆ ನಿಂತು, ಹೀಗೆ ಶುರು ಮಾಡ್ತೀವಿ, ಹೀಗೆ ಮುಗಿಸ್ತೀವಿ ಅಂತ ತೋರಿಸ್ಲಿ. ಲೇಬಲ್ ಅಚ್ಚಿಗೆ ಹೋಗೋದನ್ನ ನಾನೇ ತಡೀತೀನಿ. ನಾಳೆ ಸಂಜೆವರೆಗೆ. ಆಮೇಲೆ ಖಲಾಸ್."

ನೇಯುವುದು ತನಗೇ ಗೊತ್ತಿದ್ದರೆ ಯಾರದೋ ಕಾಲು ಹಿಡಿಯುವ ಗತಿ ಯಾಕೆ ಬರುತ್ತಿತ್ತು? ಅಜ್ಜಿ ಮಗ್ಗದ ಮುಂದೆ ಕೂತರೆ ಸಾಕು, "ಹೊರಗ ಆಡಿಕೋ ಹೋಗವಾ" ಎಂದು ಅಸೀಫಾಳನ್ನು ಅಟ್ಟಿ ಬಾಗಿಲು ಮುಂದೆ ಮಾಡುತ್ತಿದ್ದಳು. ಅವರ ಓಣಿಯ ಕಟ್ಟಳೆಯೇ ಹಾಗೆ. ಕಸುಬನ್ನು ಸೊಸೆಗೆ ಕಲಿಸಬೇಕು, ಮಗಳಿಗೆ ಕೂಡದು. ಮಗಳು ಮದುವೆಯಾಗಿ ಪರರ ಮನೆ ಸೇರುವವಳು, ಕಸುಬನ್ನೂ ಕಟ್ಟಿಕೊಂಡು ಹೋದಾಳು ಎಂಬ ಭಯ. ಬಾಗಿಲ ಈಚೆ ಕೂತು ಅವಳಿಗೆ ಸಿಕ್ಕಿದ್ದು ಎಳೆ ಬಡಿಯುವ ಪಂಜದ ಸದ್ದೊಂದೇ.

ದೋಹಾದ ಬಿನ್ ಮಹಮೂದ್ ಬಡಾವಣೆಯಲ್ಲಿ ಅದೇ ಓಣಿಯ ಕುಲ್ಸುಂ ಇದ್ದಳು, ಸೊಸೆಯ ಬಾಣಂತನಕ್ಕೆಂದು ಮಗನ ಮನೆಗೆ ಬಂದವಳು. ಅಸೀಫಾ ಆ ಸಂಜೆಯೇ ಫೋಟೊ ಹಿಡಿದು ಹೋದಳು. ಕುಲ್ಸುಂ ಫೋಟೊವನ್ನು ಕಣ್ಣಿಗೆ ಹತ್ತಿರ ಹಿಡಿದು, "ಅಯ್ಯ, ನಮ್ಮ ಪಗಡಿ! ಇದು ಇಲ್ಲಿಗೆ ಹ್ಯಾಂಗ ಬಂತ?" ಎಂದು ಖುಷಿಪಟ್ಟಳು. ಆದರೆ ನಾಳೆ ಬಂದು ಶುರುವಿನ ಕೆಲಸ ಹೇಳಿಕೊಡಿ ಎಂದು ಅಸೀಫಾ ಕೇಳಿದ ಕೂಡಲೇ ಫೋಟೊ ಮಗುಚಿ ಇಟ್ಟಳು.

"ಅದನ್ನೊಂದು ಕೇಳಬ್ಯಾಡ. ನೀ ಓಣಿ ಮಗಳು. ನಿನಗ ಹೇಳಾಂಗಿಲ್ಲ."

"ನನಗಲ್ಲ ಚಾಚಿ, ಮ್ಯೂಸಿಯಮ್ಮಿಗೆ!"

"ನೀ ಬಾಜೂಕ ನಿಂತಿರ್ತಿ ಹೌದಲ್ಲೊ?"

ಅಸೀಫಾಳಿಗೆ ಮೈಯೆಲ್ಲ ಉರಿಯಿತು. "ಮಗಳು ಒಯ್ತಾಳ, ಮಗಳು ಒಯ್ತಾಳ ಅಂತ ಬಾಗಲಾ ಹಾಕಿದ್ರಿ. ಒಯ್ದವರು ಯಾರು, ನೋಡ್ರಿ ಈಗ! ಜಮಖಾನನೂ ಹೋತು, ಹೆಸರೂ ಹೋತು. ನಾಳಿಂದ ಅದು ಇರಾನಿನ ಬಾದಶಾನ ತೋಟ. ಬೆನ್ನು ಮುರಕೊಂಡು ನೇಯ್ದಾಕಿ ಯಾರೂ ಅಲ್ಲ! ಕಳ್ಳರು ಬಂದದ್ದು ಮುಂಬಾಗಲದಿಂದ ಚಾಚಿ. ನೀವು ಕಾವಲಿದ್ದದ್ದು ನನ್ನಂಥ ಹುಡುಗ್ಯಾರಿಗೆ!"

"ಯಾರಿಗೆ ಬೈತಿ?" ಕುಲ್ಸುಂ ಎದ್ದು ನಿಂತಳು. "ನನ್ನ ತಾಯಿ ನನ್ನೂ ಹೊರಗ ಹಾಕಿದ್ಲು. ಅತ್ತಿ ಕೈಯಾಗ ಬಡಿಸಿಕೊಂಡು ಕಲತೀನಿ ನಾ. ಕಟ್ಟಳೆ ನಾ ಮಾಡಿದ್ನೇನು?"

ಅಸೀಫಾ ಚಹಾ ಮುಟ್ಟದೆ ಎದ್ದು ಬಂದಳು.

ಮರುದಿನ ಮಧ್ಯಾಹ್ನ ಮ್ಯೂಸಿಯಂ ಬಾಗಿಲಿಗೆ ಟ್ಯಾಕ್ಸಿ ನಿಂತಿತು. ಮೊದಲು ಇಳಿದದ್ದು ಕುಲ್ಸುಂಳ ತುಂಬುಬಸುರಿ ಸೊಸೆ ಶಮ್‌ಶಾದ್, ಹಿಂದೆ ಸೆರಗು ಬಿಗಿದುಕೊಂಡ ಕುಲ್ಸುಂ. ಅಸೀಫಾಳತ್ತ ಕಣ್ಣೂ ಹಾಯಿಸದೆ ಒಳಗೆ ಹೋಗಿ ಜಮಖಾನದ ಮುಂದೆ ನಿಂತಳು. ಕೆಳಗೆ ಸದ್ಯಕ್ಕೆ ಅಂಟಿಸಿದ್ದ ಕರಡು ಚೀಟಿಯನ್ನು ವೆಂಕಟರಾಮು ಓದಿ ಹೇಳಿದರು: ಇರಾನ್, ಅರಮನೆಯ ಕುಶಲಕರ್ಮಿಗಳು, ಉದ್ಯಾನ.

"ಯಾರ್ರೀ ಇದನ್ನ ಬರದಾಂವಾ? ಅವಗ ಅವನ ಅತ್ತಿ ಕಲಿಸಿದ್ಲೇನು?"

"ಅವರು ದೊಡ್ಡ ಪಂಡಿತರಮ್ಮ..."

"ಇರಲಿ. ಮೊದಲ ಆ ಇರಾನ್ ಹೊಡದ್ ಹಾಕ್ರಿ. ಅದು ಕಣ್ಣಮುಂದ ಇರೋತನಕ ನಾ ಬಾಯಿ ತಗ್ಯಾಂಗಿಲ್ಲ."

ವೆಂಕಟರಾಮು ಅಸೀಫಾಳ ಮುಖ ನೋಡಿದರು, ಚೀಟಿ ನೋಡಿದರು, ಪೆನ್ನು ತೆಗೆದು ಅಡ್ಡಗೆರೆ ಎಳೆದರು. "ಇಷ್ಟು ಧೈರ್ಯ ನಾನು ಮದುವೆ ದಿನಾನೂ ತೋರಿಸಿರಲಿಲ್ಲ," ಎಂದರು.

ಕುಲ್ಸುಂ ಕುರ್ಚಿ ಎಳೆದು ಸೊಸೆಯನ್ನು ಕೂರಿಸಿದಳು. "ನಾ ಹೇಳೋದು ನನ್ನ ಸೊಸಿಗೆ. ನಿಮಗೂ ತಿಳೀಲಿ ಅಂತ ಕನ್ನಡದಾಗ ಹೇಳ್ತೀನಿ. ನೀವು ಗಂಡಸರು, ಬಾಜೂಕ ನಿಂತು ಬರಕೊಂಡ್ರ ಕಟ್ಟಳೆ ಮುರಿಯಾಂಗಿಲ್ಲ."

"ನನಗ್ಯಾಕ ಬೇಕ್ರೀ ಅತ್ತಿ? ಇಲ್ಲಿ ಮಗ್ಗ ಎಲ್ಲೈತಿ?" ಶಮ್‌ಶಾದ್ ಆಕಳಿಸಿದಳು.

"ಸುಮ್ನ ಕುಂದರ್. ನೀ ಕೇಳಬೇಕು, ಅಷ್ಟ." ಆಮೇಲೆ ಮೊದಲ ಸಲ ಅಸೀಫಾಳತ್ತ ತಿರುಗಿದಳು. "ನೀ ಹೊರಗ ನಡಿ."

ಓದಿದ್ದು ತಾನು, ಹುಡುಕಿದ್ದು ತಾನು, ಜಗಳಾಡಿದ್ದು ತಾನು. ಬೇಡವಾದವಳಿಗೆ ಕುರ್ಚಿ, ಬೇಕಾದವಳಿಗೆ ಮತ್ತೆ ಬಾಗಿಲ ಈಚೆ! ಆದರೆ ಅಡ್ಡಗೆರೆ ಬಿದ್ದ ಚೀಟಿ ಕಾಣುತ್ತಿತ್ತು. ಈಗ ಮಾತಾಡಿದರೆ ಅದೂ ಕೆಟ್ಟೀತು.

"ನ್ಯಾಯ ಅಲ್ಲ ಇದು, ಚಾಚಿ," ಎಂದಳು.

"ಅಲ್ಲ," ಎಂದಳು ಕುಲ್ಸುಂ. "ನಡಿ."

ಬಾಗಿಲು ಹಾಕಿಕೊಂಡಿತು. ಅಸೀಫಾ ಮೊಸಾಯಿಕ್ ನೆಲದ ಮೇಲೆ, ಗೋಡೆಗೆ ಬೆನ್ನು ಕೊಟ್ಟು ಕೂತಳು. ಒಳಗೆ ಕುಲ್ಸುಂಳ ಗುನುಗು ಶುರುವಾಯಿತು, ಒಂದು ಮಾತೂ ತಿಳಿಯದಂತೆ. ಅಷ್ಟರಲ್ಲಿ ಏ.ಸಿ.ಯ ತಂಪು ಅವಳ ಕಾಲಿಗೆ ಸೋಕಿತು. ತಿರುಗಿ ನೋಡಿದಳು. ಬಾಗಿಲು ಗೇಣಗಲ ತೆರೆದಿತ್ತು, ಕುಲ್ಸುಂಳ ಮಾತು ಈಗ ಒಂದೊಂದೂ ಕೇಳುತ್ತಿತ್ತು. ಸಂದಿನಲ್ಲಿ ಕುಲ್ಸುಂಳ ಚಪ್ಪಲಿಯೊಂದು ಅಡ್ಡ ಬಿದ್ದಿತ್ತು.