ಬುಡದ ಮೂಟೆ

೨೦೨೪ರ ಜೂನ್ ೧೪, ಬೆಳಿಗ್ಗೆ ೧೦ ಗಂಟೆ ೪೦ ನಿಮಿಷ. ಸಿಮೆಂಟ್ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಸಿಂಧು ನೀರಿನ ತೊಟ್ಟಿಯಿಂದ ಮೂರನೆಯ ಮಾದರಿಯ ಗಾರೆಯ ಕ್ಯೂಬನ್ನು ಎತ್ತಿದಳು. ನೀರು ಇಪ್ಪತ್ತೇಳು ಡಿಗ್ರಿ ಇತ್ತು; ಕ್ಯೂಬು ಮಾತ್ರ ಅಂಗೈಗೆ ಬೆಚ್ಚಗಿತ್ತು. ಥರ್ಮಾಮೀಟರನ್ನು ಒತ್ತಿ ಹಿಡಿದಳು. ಇಪ್ಪತ್ತೇಳೇ.

ಉಮ್ಮತ್ತೂರಿನ ಬಳಿಯ ಕರಿಕಲ್ಲು ಕ್ವಾರಿಯವರು ಇಪ್ಪತ್ತು ವರ್ಷ ಸುರಿದ ಕಲ್ಲುಪುಡಿ ಗುಡ್ಡವಾಗಿ ನಿಂತಿತ್ತು. ಅದನ್ನು ಅರೆದು ಸಿಮೆಂಟಿಗೆ ಬೆರೆಸಬಹುದೇ ಎಂದು ಕಾರ್ಖಾನೆ ಪರೀಕ್ಷೆ ಮಾಡಿಸುತ್ತಿತ್ತು. ಮೂರು ಮಾದರಿಗಳಲ್ಲಿ ಒಂದರ ಕ್ಯೂಬಾದರೂ, ಇಪ್ಪತ್ತೆಂಟು ದಿನ ನೆನೆದ ಮೇಲೆ, ಚದರ ಮಿಲಿಮೀಟರಿಗೆ ಮೂವತ್ತಮೂರು ನ್ಯೂಟನ್ ತಡೆದರೆ ಸೋಮವಾರದಿಂದಲೇ ಗುಡ್ಡ ಅಗೆಯುತ್ತಾರೆ. ಗುಡ್ಡದ ತುದಿಯ ಮತ್ತು ನಡುವಿನ ಮಾದರಿಗಳು ಮೂವತ್ತರೊಳಗೆ ಒಡೆದಿದ್ದವು. ಉಳಿದದ್ದು ಬುಡದ್ದು.

ಬುಡದ ಮೂಟೆ ತುಂಬಿದ್ದ ಜೆಸಿಬಿ ಚಾಲಕ ಶಿವರುದ್ರಸ್ವಾಮಿ ಬಾಗಿಲಲ್ಲೇ ನಿಂತಿದ್ದ.

"ಏನ್ ಸ್ವಾಮಣ್ಣ, ದಿನಾ ಕಲ್ಲು ಒಡೆಯೋದು ನೋಡಿ ಸಾಲ್ದು ಅಂತ ಇಲ್ಲಿಗೂ ಬಂದ್ರಾ?"

ಅವನು ನಗಲಿಲ್ಲ. "ಈ ಮೂಟೆ ಫೇಲು ಅಂತ ಬರ್ದ್ಬುಡವ್ವ."

"ಯಾಕೆ?"

"ಅಗೀವಾಗ ಬಿಳೀ ಗಟ್ಟಿ ಸಿಕ್ದೊ. ಸುಣ್ಣ ಅಂದ್ಕಂಡು ಮೂಟೆಗೇ ಹಾಕ್ಬುಟ್ಟೆ. ಮನೆಗೋಗಿ ಕೈ ಮೂಸ್ದೆ. ಈಬೂತಿ ಕಣವ್ವ."

ಅವನ ಅಪ್ಪನ ಸಮಾಧಿಗೆ ಗುರುತಾಗಿದ್ದ ಬೇವಿನ ಮರವನ್ನು ಗುಡ್ಡ ಯಾವತ್ತೋ ನುಂಗಿತ್ತು. ಅಂದಾಜು ತಪ್ಪಿ ಅಲ್ಲಿಗೇ ಬಕೆಟ್ ಇಳಿಸಿದ್ದ. ಸಿಂಧುವಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಅವಳ ಮನೆಯಲ್ಲೂ ಸತ್ತವರನ್ನು ಕೂರಿಸಿ, ಸುತ್ತ ವಿಭೂತಿ ಗಟ್ಟಿ ತುಂಬಿ ಮಣ್ಣು ಮಾಡುತ್ತಿದ್ದರು.

"ಮ್ಯಾಲೆ ಕಲ್ ಸುರುದ್ರೂ ಅಪ್ಪಾಜಿ ಅಲ್ಲೇ ಕೂತವ್ರಲ್ಲ ಅಂತಿದ್ದೆ. ಸೋಮವಾರ ನಾನೇ ಎಬ್ಬುಸ್ಬೇಕಾಯ್ತದೆ."

"ಮಿಷನ್ ತೋರ್ಸಿದ್ದನ್ನ ಬರೀಬೇಕು ಅಣ್ಣ ನಾನು."

"ಅದ್ಕೇ ನಿನ್ನ ಕೇಳ್ತಿರದು. ಮಿಷನ್ನ ಕೇಳುದ್ರೆ ಕೊಟ್ಟದ?"

ಅವಳು ಕ್ಯೂಬನ್ನು ಯಂತ್ರದಲ್ಲಿಟ್ಟು ಭಾರ ಏರಿಸಿದಳು. ಮೂವತ್ತು. ಮೂವತ್ತಮೂರು. ಒಳಗೆ ಸಣ್ಣ ಸದ್ದಾಯಿತು, ಯಾರೋ ಕೂತಲ್ಲೇ ಕಾಲು ಬದಲಿಸಿದಂತೆ. ಅಂಕಿ ನಿಲ್ಲಲಿಲ್ಲ. ನಲವತ್ತು ದಾಟಿದ ಮೇಲೆ ಕ್ಯೂಬು ಒಡೆಯಿತು. ಕೋಣೆಯ ತುಂಬ ವಿಭೂತಿಯ ವಾಸನೆ.

ಮಾದರಿಯನ್ನು ಹಿಟ್ಟಿನಷ್ಟು ನುಣ್ಣಗೆ ಅರೆದು, ಜರಡಿ ಹಿಡಿದು ಬೆರೆಸಿದವಳು ಅವಳೇ. ಆದರೂ ಒಡೆದ ಮುಖದ ಮೇಲೆ ಅಡ್ಡಕ್ಕೆ ಮೂರು ಬಿಳಿ ಗೆರೆಗಳಿದ್ದವು.

ಶಿವರುದ್ರಸ್ವಾಮಿ ಚಪ್ಪಲಿ ಬಿಟ್ಟು ಒಳಗೆ ಬಂದ. ಚೂರುಗಳನ್ನು ಒಂದೊಂದಾಗಿ ಟವೆಲ್ಲಿಗೆ ತುಂಬಿಕೊಂಡ. ಗಂಟು ಕಟ್ಟಿ ಎದೆಗೆ ಅವುಚಿಕೊಂಡು ಹೊರಟ.

ಸಿಂಧು ವರದಿಯ ಹಾಳೆ ಎಳೆದುಕೊಂಡು ಪೆನ್ನು ತೆಗೆದಳು. ಅಂಗೈ ಇನ್ನೂ ಬೆಚ್ಚಗಿತ್ತು. ಆಮೇಲೆ ಬರೆದಳು: ಮಾದರಿ ಮೂರು, ಚದರ ಮಿಲಿಮೀಟರಿಗೆ ೪೩.೬ ನ್ಯೂಟನ್.