ಶನಿವಾರದ ಗಿರಾಕಿಗಳು

"ಒಂದು ಗಳಿಗೆ ತಡಿ, ಹಸಿಂತೊ," ಎಂದು ರೆಮೆದಿಯೊಸ್ ಗಂಡನ ಶವಪೆಟ್ಟಿಗೆಯ ಮೇಲೆ ಕೈಯಿಟ್ಟಳು. ಪೆಟ್ಟಿಗೆ ಆಗಲೇ ಮೊಣಕಾಲೆತ್ತರಕ್ಕೆ ಎದ್ದಿತ್ತು. ಎತ್ತಿದವರು ಮತ್ತೆ ಇಳಿಸಿದರು.

ಮೈದುನ ಹಸಿಂತೊ ಬೆನ್ನು ನೀವಿಕೊಂಡ. "ಅತ್ತಿಗೆ, ಎತ್ತೋದು ಇಳಿಸೋದು ಇದೇ ಆಯ್ತು. ಪಾದ್ರಿಗಳು ಕಾಯ್ತಿದಾರೆ. ಅವರಿಗೆ ಆಮೇಲೆ ಮದುವೆ ಬೇರೆ ಇದೆಯಂತೆ."

"ಇವರ ಗಿರಾಕಿಗಳು ಬರಲಿ."

"ಆ ಪರದೇಶಿ ಗ್ರಿಂಗೊಗಳಾ? ಹೊರೋಕೆ ನಾಲ್ಕು ಜನ ಬೇಕು, ಬಂದಿದೀವಿ. ಇನ್ಯಾರು ಬೇಕು ನಿಮಗೆ?"

ನಾಲ್ಕು ಜನ ಎಂದರೆ ನಾಲ್ಕೇ ಜನ: ಹಸಿಂತೊ, ಅವನ ಇಬ್ಬರು ಅಳಿಯಂದಿರು, ಗುಂಡಿ ತೋಡುವವನು. ಬೀದಿಯಿಂದ ಬಂದವಳು ಮುದುಕಿ ತೊಮಾಸಾ ಒಬ್ಬಳೇ. ಅವಳು ಯಾರ ಸಾವನ್ನೂ ತಪ್ಪಿಸಿಕೊಂಡವಳಲ್ಲ. ಪೆಟ್ಟಿಗೆಯ ಕೆಳಗೆ ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಶಿಲುಬೆ ಬರೆದಿದ್ದರು. ಪಕ್ಕದ ಬಟ್ಟಲಲ್ಲಿ, ವಾಸನೆ ಹೀರಲೆಂದು, ವಿನಿಗರ್ ಸುರಿದು ಈರುಳ್ಳಿ ಕೊಯ್ದಿಟ್ಟಿದ್ದರು.

"ಇದೇನೂ ಬೇಕಿರಲಿಲ್ಲ ಬಿಡು ಮಗಳೇ," ಎಂದಳು ತೊಮಾಸಾ. "ಬದುಕಿದ್ದಾಗಲೂ ನಿನ್ನ ಗಂಡ ಇದೇ ವಾಸನೆ ಹೊಡೀತಿದ್ದ."

ಅಳಿಯಂದಿರು ನಗು ನುಂಗಿಕೊಂಡು ಗೋಡೆಯ ಕಡೆ ತಿರುಗಿದರು.

"ಅವರಿಗೆ ವಿಷಯ ಗೊತ್ತಾದ್ರೂ ಆಗಿದೆಯಾ?" ಎಂದು ಹಸಿಂತೊ ಕೇಳಿದ.

"ಗೊತ್ತಾಗದೆ ಏನು? ನಿನ್ನೆ ಸಂಜೇನೇ ಚೌಕದ ಕಡೆ ಅಂಗಡಿ ಬಾಗಿಲಿಗೆ ಕರಿ ರಿಬ್ಬನ್ ಕಟ್ಟಿದೀನಿ. ಇವತ್ತು ಶನಿವಾರ. ಬಂದೇ ಬರ್ತಾರೆ."

ಕರಿ ರಿಬ್ಬನ್ ಕಟ್ಟಿದ ಬಾಗಿಲೆಂದರೆ ಸಾವಾಯಿತೆಂದು ಊರಿನ ಹಸುಗೂಸಿಗೂ ಗೊತ್ತು. ಕಂಡವರು ಯಾರನ್ನೂ ಕೇಳದೆ ಹಿಂದಿನ ಓಣಿಗೆ ತಿರುಗಿ ಮನೆಬಾಗಿಲಿಗೆ ಬರುತ್ತಾರೆ. ಅದಕ್ಕೇ ರೆಮೆದಿಯೊಸಳ ಕಣ್ಣು ಓಣಿಯ ಮೇಲೆಯೇ ಇತ್ತು.

* * *

ರೆಮೆದಿಯೊಸಳ ಗಂಡ ನಿಕಾನೊರ್, ಮೈದುನ ಹಸಿಂತೊ ಇವರ ಅಪ್ಪನ ಕಾಲದಲ್ಲಿ ಆ ಅಂಗಡಿಯಲ್ಲಿ ಮೆಕ್ಕೆಜೋಳ ಬೀಸುವ ಗಿರಣಿಯಿತ್ತು. ಬೆಳಗಾದರೆ, ರೊಟ್ಟಿಗೆಂದು ಸುಣ್ಣದ ನೀರಲ್ಲಿ ಬೆಂದ ಜೋಳದ ಬಕೆಟ್ಟು ಹಿಡಿದು ಬೀದಿಯ ಹೆಂಗಸರೆಲ್ಲ ಸಾಲು ನಿಲ್ಲುತ್ತಿದ್ದರು. ಊರಿನ ಸುದ್ದಿಯೂ ಜೋಳದ ಜೊತೆಗೇ ನುಣ್ಣಗಾಗುತ್ತಿತ್ತು. ಆಮೇಲೆ ಊರಂಚಿನ ಸರೋವರದ ಹವೆ ಒಗ್ಗುತ್ತದೆಂದು ತಲೆ ನರೆತ ಪರದೇಶಿಗಳು ಬಂದು ಗುಡ್ಡದ ಮೇಲೆ ಮನೆ ಮಾಡಿದರು. ಅವರು ಕೇಳಿದ ಸಾಸಿವೆ, ಚೀಸು, ಕಪ್ಪು ಬ್ರೆಡ್ಡುಗಳನ್ನು ನಿಕಾನೊರ್ ಗ್ವಾದಲಹಾರಾ ನಗರದಿಂದ ಬಸ್ಸಿನಲ್ಲಿ ಹೊತ್ತು ತರುತ್ತಿದ್ದ. ಒಮ್ಮೆ ಅವರಲ್ಲಿ ಹ್ಯಾರಿಯೆಟ್ ಎಂಬಾಕೆ ಹೇಳಿಕೊಟ್ಟಂತೆ ಎಳೆ ಸೌತೆಕಾಯಿಗೆ ಉಪ್ಪುನೀರು, ಬೆಳ್ಳುಳ್ಳಿ, ಸಬ್ಬಸಿಗೆ ಹಾಕಿ ಜಾಡಿ ತುಂಬಿಸಿಟ್ಟ. ಹುಳಿ ಹಿಡಿದ ಮೇಲೆ ಆಕೆ ಅಂಗಡಿಯಲ್ಲೇ ಒಂದನ್ನು ಕಚ್ಚಿ, ನಿಂತಲ್ಲೇ ಅತ್ತಳು.

"ನಮ್ಮಮ್ಮ ಮಾಡಿದ ಹಾಗೇ ಇದೆ," ಎಂದಳು ತನಗೆ ಬರುತ್ತಿದ್ದ ಅರೆಬರೆ ಮಾತಿನಲ್ಲಿ. "ನಿಕಾನೊರ್, ನೀನು ನಮ್ಮವನು."

ಆ ಒಂದು ಮಾತಿಗೆ ಮನುಷ್ಯ ಮಾರಿಹೋದ. ಗಿರಣಿ ಕಿತ್ತು ಜಾಡಿಗಳಿಗೆ ಜಾಗ ಮಾಡಿದ. ಬೀದಿಯ ಹೆಂಗಸರು ಬಕೆಟ್ಟು ಹೊತ್ತು ಚರ್ಚಿನಾಚೆಯವರೆಗೆ ನಡೆಯಬೇಕಾಯಿತು, ಅದನ್ನವರು ಮರೆಯಲಿಲ್ಲ. ಅಪ್ಪನ ಗಿರಣಿಯ ಕಲ್ಲು ಕಿತ್ತವನ ಮುಖ ನೋಡುವುದಿಲ್ಲವೆಂದು ಹಸಿಂತೊ ಮಾತು ಬಿಟ್ಟ. ಶನಿವಾರ ಬಂತೆಂದರೆ ಗಿರಾಕಿಗಳು ಖಾಲಿ ಜಾಡಿಗಳನ್ನು ತೊಳೆದು ತಂದಿಟ್ಟು, ತುಂಬಿದ್ದನ್ನು ಒಯ್ಯುತ್ತಿದ್ದರು. ನಿಕಾನೊರ್ ಮಾತ್ರ ಅದನ್ನು ಬಾಯಿಗಿಟ್ಟವನಲ್ಲ. ಅವನದು ರೊಟ್ಟಿ, ಹಸಿಮೆಣಸು, ಉಪ್ಪು.

ಆ ಗಿರಾಕಿಗಳಲ್ಲಿ ಯಾರು ಸತ್ತರೂ ಕರಿ ಕೋಟು ತೊಟ್ಟು ಹೋಗುತ್ತಿದ್ದ. ಮಾತು ತಿಳಿಯದಿದ್ದರೂ ಕೊನೆಯವರೆಗೆ ಹಿಂದೆ ನಿಂತಿರುತ್ತಿದ್ದ.

"ಅವರು ಅಳಲ್ಲ ಕಣೇ," ಎಂದಿದ್ದ ಒಮ್ಮೆ, ಕೋಟು ಕಳಚುತ್ತ. "ಸತ್ತವರ ತಮಾಷೆ ಹೇಳ್ಕೊಂಡು ನಗ್ತಾರೆ. ನಾನು ಸತ್ತಾಗಲೂ ನಗ್ತಾನೇ ಬರ್ತಾರೆ. ನೀನು ಬೈಬೇಡ."

* * *

ಬೈಯೋಣವೆಂದರೆ ಯಾರೂ ಬರಲಿಲ್ಲ. ಚರ್ಚಿನ ಗಂಟೆ ಮತ್ತೆ ಬಡಿಯಿತು. ರೆಮೆದಿಯೊಸ್ ಪೆಟ್ಟಿಗೆಯ ಮೇಲಿನ ಕೈ ತೆಗೆದಳು.

"ಎತ್ತಿ," ಎಂದಳು.

ಸ್ಮಶಾನದ ಏರಿನಲ್ಲಿ ಹೆಗಲು ಬದಲಿಸಲು ಬೇರೆ ಜನವಿರಲಿಲ್ಲ. ನಡುನಡುವೆ ಪೆಟ್ಟಿಗೆಯನ್ನು ದಾರಿಯಲ್ಲೇ ಇಳಿಸಿ ಉಸಿರು ತೆಗೆದುಕೊಂಡರು. ಗುಂಡಿಗೆ ಮಣ್ಣು ಬೀಳುವಾಗ ಹಸಿಂತೊ ಬಿಕ್ಕಿ ಬಿಕ್ಕಿ ಅತ್ತ. "ಗಿರಣಿ ಹೋದ್ರೆ ಹೋಗ್ಲಿ, ನಾನು ಮಾತಾದ್ರೂ ಆಡಬಹುದಿತ್ತು," ಎಂದ. ರೆಮೆದಿಯೊಸ್ ಅಳಲಿಲ್ಲ. ಗಂಡ ಸತ್ತ ದುಃಖಕ್ಕಿಂತ, ಅವನು ನಂಬಿದ್ದು ಸುಳ್ಳಾಯಿತಲ್ಲ ಎಂಬ ಸಂಕಟವೇ ಅವಳಿಗೆ ಹೆಚ್ಚಾಗಿತ್ತು.

ಮುದುಕಿಗೆ ಓಣಿಯ ಕಲ್ಲುಹಾದಿ ಆಗದೆಂದು ಚೌಕದ ಕಡೆಯಿಂದ ಹಿಂತಿರುಗಿದರು. ಅಂಗಡಿಯ ಬಾಗಿಲಿಗೆ ರಿಬ್ಬನ್ ಇನ್ನೂ ಇತ್ತು. ಗಾಳಿಗೆ ಸಡಿಲವಾಗಿದ್ದಿರಬೇಕು, ಯಾರೋ ಅದರ ಸುಕ್ಕು ಬಿಡಿಸಿ, ಉಡುಗೊರೆಗೆ ಕಟ್ಟುವಂತೆ ಅಂದವಾಗಿ ಹೂಗಂಟು ಹಾಕಿದ್ದರು. ಅದರ ಕೆಳಗೆ, ಮೆಟ್ಟಿಲ ತುಂಬ, ತೊಳೆದ ಖಾಲಿ ಜಾಡಿಗಳು ಸಾಲಾಗಿ ನಿಂತಿದ್ದವು. ಎಂದಿನ ಶನಿವಾರದಂತೆ ತುಂಬಿಸಿಕೊಡಲೆಂದು, ಒಂದೊಂದರ ಮುಚ್ಚಳದ ಮೇಲೂ ಒಂದೊಂದು ಹೆಸರು.

ಎಲ್ಲರೂ ಬಂದಿದ್ದರು.

ಹಸಿಂತೊ ಒದೆಯಲು ಕಾಲೆತ್ತಿದ. ರೆಮೆದಿಯೊಸ್ ಅವನ ತೋಳು ಹಿಡಿದುಕೊಂಡಳು.

"ಗೋರಿ ಮೇಲೆ ಹೂವಿಡೋಕೆ ತಂದಿರಬೇಕು, ಮಗಳೇ," ಎಂದಳು ತೊಮಾಸಾ ಮೆಲ್ಲಗೆ.

"ಹೂಂ," ಎಂದು ರೆಮೆದಿಯೊಸ್ ಬೀಗ ತೆಗೆದಳು. ಎರಡೆರಡಾಗಿ ಒಳಗೆ ಸಾಗಿಸಿದಳು. ಕೊನೆಗೆ ಉಳಿದದ್ದು ಹ್ಯಾರಿಯೆಟ್ಟಳ ಜಾಡಿ. ಅದರ ತಳದಲ್ಲಿ ಇನ್ನೂ ನೀರಿನ ಪಸೆಯಿತ್ತು. ಗಂಡ ಮಾಡುತ್ತಿದ್ದ ಹಾಗೆಯೇ, ಬಟ್ಟೆ ಹಾಸಿ, ಅದನ್ನು ಹಲಗೆಯ ಮೇಲೆ ಬೋರಲು ಹಾಕಿದಳು.